ಹಸಿರು ಚುಕ್ಕೆಯ ದನಗಳು

“ಹಸಿವಿಗೆ ಅರ್ಜಿ ಯಾಕೆ? ಹೊಟ್ಟೆಯೇ ಅರ್ಜಿ” ಎಂದು ಡಾಕ್ಟರ್ ರುದ್ರಮುನಿ ಹದಿನಾಲ್ಕು ವರ್ಷಗಳ ಹಿಂದೆ ಒಂದು ಸಭೆಯಲ್ಲಿ ಹೇಳಿದಾಗ ಮುಂದಿನ ಸಾಲಿನ ಅಧಿಕಾರಿಗಳು ನಕ್ಕಿದ್ದರು. ಪಶುವೈದ್ಯರಿಗೆ ಆಗಾಗ ಇಂಥ ಹುಚ್ಚು ಹಿಡಿಯುತ್ತದೆ ಎಂದುಕೊಂಡಿರಬೇಕು. ಈಗ ಅದೇ ಮಾತು ಮೇವು ಸ್ಪಂದನ ಕೇಂದ್ರದ ಬಾಗಿಲ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಹೊಳೆಯುತ್ತಿದೆ. ನಕ್ಕವರಲ್ಲೇ ಒಬ್ಬರು ಬಂದು ಅದನ್ನು ಉದ್ಘಾಟಿಸಿ, ತಾವೇ ಹೇಳಿದ ಮಾತೆಂಬಂತೆ ಮುಕ್ಕಾಲು ಗಂಟೆ ಭಾಷಣ ಮಾಡಿ ಹೋಗಿದ್ದರು.

ಅದಕ್ಕೂ ಮೊದಲು ಬರಗಾಲದ ಮೇವು ದನಗಳನ್ನು ತಲುಪುತ್ತಿದ್ದ ಬಗೆಯನ್ನು ಅನುಭವಿಸಿದವರೇ ಬಲ್ಲರು. ಮೊದಲು ತಾಲೂಕು ಬರಪೀಡಿತವೆಂದು ಘೋಷಣೆಯಾಗಬೇಕು. ಆಮೇಲೆ ಪಹಣಿಯ ನಕಲು, ದನದ ಫೋಟೋ, ಫೋಟೋದಲ್ಲಿರುವ ದನ ಇದೇ ಎಂಬುದಕ್ಕೊಂದು ಸಹಿ. ಸಹಿ ಬೀಳುವ ಹೊತ್ತಿಗೆ ಎಷ್ಟೋ ದನಗಳು ಫೋಟೋದಲ್ಲಿ ಮಾತ್ರ ಉಳಿದಿರುತ್ತಿದ್ದವು. ಒಂದು ವರ್ಷವಂತೂ ಹನ್ನೊಂದು ಲಾರಿ ಮೇವು ದಾರಿ ತಪ್ಪಿ ಯಾರೋ ದೊಡ್ಡವರ ಮಾವನ ತೋಟ ಸೇರಿತು. ಅದೇ ವಾರ ಗೋಶಾಲೆಯ ಗೇಟಿನ ಹೊರಗೆ ಸರದಿಯಲ್ಲಿ ನಿಂತಿದ್ದ ನಲವತ್ತು ದನಗಳು ನಿಂತಲ್ಲೇ ಕುಸಿದು ಸತ್ತವು. ಅವುಗಳ ಮರಣಪತ್ರ ಬರೆದವರು ಆಗಿನ್ನೂ ಹುಡುಗುತನ ಬಿಡದ ಡಾಕ್ಟರ್ ರುದ್ರಮುನಿ. ಬರೆಯುತ್ತ ಬರೆಯುತ್ತಲೇ, ನಡುವೆ ಮನುಷ್ಯನ ಕೈ ಇರುವಷ್ಟು ದಿನ ಇದು ಸರಿಹೋಗುವುದಿಲ್ಲ ಎಂದು ಅವರು ತೀರ್ಮಾನಿಸಿದರು.

ಹಾಗೆ ಹುಟ್ಟಿದ್ದು ಹೆಬ್ಬೆರಳಿನಷ್ಟು ಉದ್ದದ ಒಂದು ಗುಂಡು. ಸರ್ಕಾರಿ ಕಾಗದಗಳಲ್ಲಿ ಅದರ ಹೆಸರು ಜಠರ ಸೂಚಕ. ಜನ ಕರೆಯುವುದು ಹೊಟ್ಟೆಗುಂಡು. ದನಕ್ಕೆ ಒಮ್ಮೆ ನುಂಗಿಸಿದರೆ ಅದು ಹೊಟ್ಟೆಯ ತಳದಲ್ಲಿ ಕೂತುಬಿಡುತ್ತದೆ, ಜೀವ ಇರುವವರೆಗೂ ಹೊರಬರುವುದಿಲ್ಲ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಸುಮ್ಮನಿರುವಂಥದ್ದಲ್ಲ. ಒಂದು ಲಯದಲ್ಲಿ ಹಿಂಡಿಕೊಳ್ಳುತ್ತ, ಮೇವನ್ನು ಮಗುಚುತ್ತ ಇರುತ್ತದೆ. ಆ ಚಲನೆಯಿಂದಲೇ ಗುಂಡು ತನಗೆ ಬೇಕಾದ ವಿದ್ಯುತ್ತು ಹುಟ್ಟಿಸಿಕೊಂಡು, ಲಯ ಎಷ್ಟು, ಹುಳಿ ಎಷ್ಟು, ಬಿಸಿ ಎಷ್ಟು ಎಂದು ಅಳೆದು ಕೇಂದ್ರಕ್ಕೆ ಕಳುಹಿಸುತ್ತದೆ. ಒಂದು ದನದ ಹೊಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ಆದ್ದರಿಂದ ಯಂತ್ರ ಒಂದನ್ನು ಇನ್ನೊಂದರ ಜೊತೆ ಹೋಲಿಸುವುದಿಲ್ಲ. ಕಳೆದ ಇಪ್ಪತ್ತೊಂದು ದಿನಗಳಲ್ಲಿ ಅದೇ ದನದ ಹೊಟ್ಟೆ ಎಲ್ಲಕ್ಕಿಂತ ಹೆಚ್ಚು ತುಂಬಿದ್ದ ದಿನದ ಜೊತೆ ಇವತ್ತನ್ನು ಹೋಲಿಸುತ್ತದೆ. ಹೆಚ್ಚುಕಡಿಮೆ ಸಮವಾಗಿದ್ದರೆ ಪರದೆಯ ಮೇಲೆ ಹಸಿರು ಚುಕ್ಕೆ, ಇಳಿದರೆ ಹಳದಿ, ಅರ್ಧಕ್ಕೂ ಕೆಳಗಿಳಿದರೆ ಕೆಂಪು. ಒಂದು ಮಂದೆ ಮೂರು ದಿನ ಕೆಂಪಾಗಿಯೇ ಉಳಿದರೆ ಚಾಲಕನಿಲ್ಲದ ಲಾರಿ ಮೇವು ಹೇರಿಕೊಂಡು ತಾನಾಗಿಯೇ ಹೊರಡುತ್ತದೆ. ಅದನ್ನು ಹೊರಡಿಸಲು, ತಿರುಗಿಸಲು ಮಂತ್ರಿಯ ಕೈಯಲ್ಲೂ ಆಗದು. ಆ ಬೀಗ ಹಾಕಿದವರು ರುದ್ರಮುನಿಯವರೇ, ಅದೇ ಅವರ ದೊಡ್ಡ ಹೆಮ್ಮೆ.

ಆ ವರ್ಷ ಮುಂಗಾರು ಅರ್ಧಕ್ಕೆ ನಿಂತು ಹಿಂಗಾರು ಪೂರ್ತಿ ಕೈಕೊಟ್ಟಿತ್ತು. ಶಿವರಾತ್ರಿ ಕಳೆದ ಮೇಲೆ ಕೇಂದ್ರದ ಗೋಡೆಯ ತುಂಬ ಹರಡಿದ ಪರದೆಯಲ್ಲಿ ಜಿಲ್ಲೆಯ ಲಕ್ಷಾಂತರ ದನಗಳು ಹಳದಿ ಕೆಂಪು ಚುಕ್ಕೆಗಳಾಗಿ ಮಿಣುಕುತ್ತಿದ್ದವು. ಲಾರಿಗಳಿಗೆ ಬಿಡುವಿರಲಿಲ್ಲ. ಅಂಥ ಒಂದು ಬೆಳಿಗ್ಗೆ ನಿರ್ದೇಶಕರು ನಗುನಗುತ್ತ ಒಳಗೆ ಬಂದರು.

“ರುದ್ರಮುನಿಯವರೇ, ಈ ಬಿಳಿಕಲ್ಲುಹಟ್ಟಿ ನೋಡಿದಿರಾ? ಚಳ್ಳಕೆರೆ ಕಡೆಯ ದನ ಮೇಯುವ ಕಾವಲಿನಲ್ಲಿದೆ. ಅರವತ್ಮೂರು ದನ, ದೇವರ ದನಗಳಂತೆ. ನೂರೈವತ್ತು ದಿನದಿಂದ ಎಲ್ಲ ಹಸಿರು. ಒಂದೇ ಒಂದು ಲಾರಿ ಹೋಗಿಲ್ಲ. ಸರ್ಕಾರ ಅದನ್ನು ಸ್ವಾವಲಂಬಿ ಹಟ್ಟಿ ಅಂತ ಸನ್ಮಾನಿಸುತ್ತಂತೆ. ಅವರ ಗುಟ್ಟೇನು ಅಂತ ನೀವೇ ಹೋಗಿ ತಿಳ್ಕೊಂಡು ಬನ್ನಿ.”

ಪರದೆಯ ಮುಂದೆ ಕೂತಿದ್ದ ಷಮೀಮಬಾನು ತಲೆಯೆತ್ತಿದಳು. ಆಕೆ ಕೇಂದ್ರದ ದತ್ತಾಂಶ ನೋಡಿಕೊಳ್ಳುವ ಎಂಜಿನಿಯರು. ಮಾತು ಕಡಿಮೆ, ಅನುಮಾನ ಜಾಸ್ತಿ. “ಸರ್, ಇದೊಂದೇ ಅಲ್ಲ, ಆ ಕಾವಲಿನ ಸುತ್ತ ಇನ್ನೂ ಹತ್ತು ಹಟ್ಟಿಗಳು ಹೀಗೇ ಇವೆ. ಗುಟ್ಟಿದ್ದರೆ ಹನ್ನೊಂದು ಕಡೆ ಇರಬೇಕು” ಎಂದಳು.

ಮರುದಿನ ರುದ್ರಮುನಿ ಗುಟ್ಟು ಹುಡುಕಿಕೊಂಡು ಹೊರಟರು. ಜೀಪಿನಲ್ಲಿ ಒಂದು ಹಾರ, ಒಂದು ಫಲಕ, ಹಣ್ಣಿನ ಬುಟ್ಟಿ ಇದ್ದವು.

ಹಟ್ಟಿಯೆಂದರೆ ಹತ್ತಿಪ್ಪತ್ತು ಮನೆ, ಆಚೆಗೆ ಜಾಲಿಮುಳ್ಳಿನ ಬೇಲಿ ಕಟ್ಟಿದ ದೊಡ್ಡ ದನದ ರೊಪ್ಪ, ಪಕ್ಕದಲ್ಲಿ ಮೇವಿನ ಬಣವೆ. ದೇವರಿಗೆ ಬಿಟ್ಟ ದನಗಳಾದ್ದರಿಂದ ಅವುಗಳ ಹಾಲು ಯಾರೂ ಕರೆಯುವುದಿಲ್ಲ, ಅವನ್ನು ನೇಗಿಲಿಗೆ ಕಟ್ಟುವುದಿಲ್ಲ. ಅವನ್ನು ಕಾಯುವವನಿಗೆ ಕಿಲಾರಿ ಎಂದು ಹೆಸರು. ಕಿಲಾರಿ ಸಣ್ಣಪಾಲಯ್ಯ ಅರವತ್ತು ದಾಟಿದ, ಒಣಗಿ ಗಟ್ಟಿಯಾದ ಮನುಷ್ಯ. ಜೀಪು ನಿಂತದ್ದೇ ಓಡಿ ಬಂದು, “ಸ್ವಾಮಿ, ಎಕ್ಕಡ ಅಲ್ಲೇ ಬಿಡ್ರಿ. ರೊಪ್ಪದಾಗೆ ನಾವ್ಯಾರೂ ಮೆಟ್ಟಲ್ಲ” ಎಂದ.

ಬರಿಗಾಲಿನಲ್ಲಿ ಒಳಗೆ ಕಾಲಿಟ್ಟ ರುದ್ರಮುನಿ ಎರಡು ಹೆಜ್ಜೆಗೇ ನಿಂತುಬಿಟ್ಟರು. ಮೂವತ್ತು ವರ್ಷ ದನ ನೋಡಿದ ಕಣ್ಣಿಗೆ ಯಂತ್ರ ಬೇಕಿರಲಿಲ್ಲ. ಪಕ್ಕೆಲುಬು ಒಂದೊಂದಾಗಿ ಎಣಿಸಬಹುದಿತ್ತು. ಸೊಂಟದ ಮೂಳೆ ಚರ್ಮವನ್ನು ಚುಚ್ಚಿಕೊಂಡು ಎದ್ದಿತ್ತು. ಆದರೆ ಒಂದೂ ಕೂಗುತ್ತಿರಲಿಲ್ಲ. ಅರವತ್ಮೂರು ದನಗಳೂ ಬಿಸಿಲಿಗೆ ಬೆನ್ನು ಕೊಟ್ಟು ಶಾಂತವಾಗಿ ನಿಂತಿದ್ದವು. ಜೀಪಿನಲ್ಲಿದ್ದ ಹಾರ ನೆನಪಾಗಿ ಅವರಿಗೆ ಮೈಯೆಲ್ಲ ನಾಚಿಕೆಯಾಯಿತು.

“ಇವು ಎಷ್ಟು ದಿನದಿಂದ ಹೀಗಿವೆ?”

“ಉತ್ತರೆ ಮಳೆ ಬರಲಿಲ್ಲ ನೋಡ್ರಿ, ಆವತ್ತೇ ಕೈ ಬಿಗಿ ಮಾಡ್ದೆ” ಎಂದ ಪಾಲಯ್ಯ. “ಬರ ಬಂದ ಮ್ಯಾಲೆ ಬಿಗಿ ಮಾಡಿದ್ರೆ ದನ ತಡೆಯಲ್ಲ ಸ್ವಾಮಿ. ಅದಕ್ಕೇ ಮುಂಚೇನೇ ಸುರು ಮಾಡ್ಬೇಕು. ಒಂದು ದನಕ್ಕೆ ಒಂದು ತೆಕ್ಕೆ ಹಾಕ್ತಿದ್ನಾ, ಹದಿನೈದು ದಿನಕ್ಕೊಂದು ಹಿಡಿ ಕಮ್ಮಿ ಮಾಡ್ಕಂತ ಬಂದೆ. ದನಕ್ಕೆ ಗೊತ್ತೇ ಆಗಬಾರದು, ಹಂಗೆ ಮಾಡ್ಬೇಕು. ನಮ್ಮಪ್ಪ ಹಂಗೇ ಮಾಡ್ತಿದ್ದ. ಈಗ ಅರ್ಧ ತೆಕ್ಕೆಗೂ ಕಮ್ಮಿ ಬಂದೈತೆ.”

“ಸರ್ಕಾರದ ಮೇವು ಕೇಳಲಿಲ್ಲವೇ?”

“ಕೇಳ್ದೆ. ಪಂಚಾಯ್ತಿ ಆಫೀಸಿಗೆ ಎರಡು ಸಲ ಹೋಗಿದ್ದೆ. ಅವ್ರು ಪರದೆ ತೆಗೆದು ನೋಡಿ, ನಿನ್ನ ದನ ಎಲ್ಲಾ ಹಸ್ರು ಅವೆ, ಹೊಟ್ಟೆ ತುಂಬೈತೆ, ಹೋಗು ಅಂದ್ರು.” ಪಾಲಯ್ಯ ತಪ್ಪೊಪ್ಪಿಕೊಳ್ಳುವವನಂತೆ ದನಿ ತಗ್ಗಿಸಿದ. “ನಿಮ್ಮ ಗುಂಡು ಹೊಟ್ಟೆ ಒಳಗೆ ಕುಂತು ನೋಡ್ತೈತೆ. ನಾನು ಹೊರಗೆ ನಿಂತು ನೋಡೋನು. ನಂಗೇ ವಯಸ್ಸಾತು, ಕಣ್ಣು ಕೆಟ್ಟೈತೇನೋ ಅಂದ್ಕಂಡು ಬಂದುಬಿಟ್ಟೆ.”

ರುದ್ರಮುನಿ ಫಲಕವನ್ನು ಜೀಪಿನಿಂದ ಕೆಳಗಿಳಿಸಲೇ ಇಲ್ಲ. ಹಣ್ಣಿನ ಬುಟ್ಟಿಯನ್ನು ಮಾತ್ರ ಪಾಲಯ್ಯನ ಸೊಸೆಯ ಕೈಗೆ ಕೊಟ್ಟು ಬಂದರು.

ಮನೆಗೆ ಬಂದವರಿಗೆ ಊಟ ಸೇರಲಿಲ್ಲ. ಗುಂಡುಗಳು ಕೆಟ್ಟಿವೆಯೇ? ಅರವತ್ಮೂರೂ ಒಟ್ಟಿಗೆ ಕೆಡುವುದುಂಟೇ? ತಟ್ಟೆಯ ಮುಂದೆ ಕೂತು ಅದನ್ನೇ ಯೋಚಿಸುತ್ತಿದ್ದರು. ಹೆಂಡತಿ ಶಶಿಕಲಾ ಬಡಿಸುತ್ತಿದ್ದರು. ಎದುರಿಗೆ ರುದ್ರಮುನಿಯವರ ಅಕ್ಕ ನೀಲಮ್ಮ ಕೂತಿದ್ದರು. ಗಂಡ ತೀರಿಕೊಂಡ ಮೇಲೆ ಅವರು ತಮ್ಮನ ಮನೆಗೆ ಬಂದು ಎರಡು ವರ್ಷವಾಗಿತ್ತು.

“ಅತ್ತಿಗೆ, ಇನ್ನೊಂದು ಅರ್ಧ ಮುದ್ದೆ ಹಾಕ್ತೀನಿ” ಎಂದು ಶಶಿಕಲಾ ಕೈ ಚಾಚಿದರು.

“ಬ್ಯಾಡ ಕಣಮ್ಮ. ನನ್ನ ಹೊಟ್ಟೆ ಅಳತೆ ಇಷ್ಟೇ.”

“ದಿನಾ ಇದೇ ಮಾತು. ಆಸ್ಪತ್ರೇಲಿ ತೂಕ ನೋಡಿದ್ರೆ ಆ ಡಾಕ್ಟರಮ್ಮ ಹಳೇ ಚೀಟಿ ನೋಡಿ, ಕಮ್ಮಿ ಆಗಿಲ್ಲ, ಮುಂಚೆ ಎಷ್ಟಿತ್ತೋ ಅಷ್ಟೇ ಇದೆ ಅಂತಾರೆ” ಎಂದು ಶಶಿಕಲಾ ಗೊಣಗಿದರು.

ರುದ್ರಮುನಿಯವರ ಕೈ ತಟ್ಟೆಯಲ್ಲೇ ನಿಂತಿತು. “ಅಕ್ಕಾ, ಯಾವಾಗಿಂದ ಇಷ್ಟೇ ಉಣ್ತಿದ್ದೀಯ?”

“ಅಯ್ಯೋ, ಅದ್ಯಾವ ಕಾಲದ್ದೋ. ನೀನು ಓದಾಕೆ ಹಾಸ್ಟೆಲಿಗೆ ಹೋದ್ಯಲ್ಲ, ಆ ವರ್ಷ ಬೆಳೆ ಬರಲಿಲ್ಲ. ಅಮ್ಮ ನಿಂಗೆ ಅಂತ ರಾಗಿ ಎತ್ತಿಡ್ತಿದ್ಲು. ನಾನೂ ನನ್ನದ್ರಾಗೆ ಒಸಿ ಎತ್ತಿಡ್ತಿದ್ದೆ. ಮೊದಮೊದ್ಲು ಹಸಿಯೋದು. ಆಮ್ಯಾಲೆ ಹೊಟ್ಟೆ ಸುಮ್ಮನಾತು. ಈಗ ಕೇಳಾದೇ ಇಲ್ಲ” ಎಂದು ನೀಲಮ್ಮ ನಕ್ಕು ಮಜ್ಜಿಗೆ ಲೋಟ ಎತ್ತಿಕೊಂಡರು.

ತಾನು ಹಾಸ್ಟೆಲಿನಲ್ಲಿ ಮೂರು ಹೊತ್ತು ತಿಂದು ಹಸಿವಿನ ಬಗ್ಗೆ ಪುಸ್ತಕ ಓದುತ್ತಿದ್ದಾಗ ಇಲ್ಲಿ ಇದು ನಡೆದಿತ್ತು. ರುದ್ರಮುನಿ ಅಕ್ಕನ ತಟ್ಟೆಗೆ ತಾವೇ ಅರ್ಧ ಮುದ್ದೆ ಇಟ್ಟರು. ನೀಲಮ್ಮ ಬೈಯುತ್ತಲೇ ಅದನ್ನು ಹಾಗೇ ಬಿಟ್ಟು ಎದ್ದರು. ಬೇಕೆಂದರೂ ಅವರಿಗೆ ತಿನ್ನಲು ಆಗುತ್ತಿರಲಿಲ್ಲ.

ಮರುದಿನ ರುದ್ರಮುನಿ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದು ಕಾದು, ಷಮೀಮ ಬರುತ್ತಲೇ, “ಬಣ್ಣ ತೆಗೆದುಬಿಡಮ್ಮ. ಬಿಳಿಕಲ್ಲುಹಟ್ಟಿಯ ಬರೀ ಅಂಕಿ ತೋರಿಸು” ಎಂದರು.

ಅಂಕಿಗಳು ಬಂದವು. ಹೊಟ್ಟೆ ತುಂಬಿದ ದನದ ಲಯ ಎರಡು ನಿಮಿಷಕ್ಕೆ ಮೂರು ಸಲ ಇರಬೇಕು. ಇಲ್ಲಿ ಅಕ್ಟೋಬರಿನಲ್ಲಿ ಎರಡೂವರೆ, ಡಿಸೆಂಬರಿನಲ್ಲಿ ಎರಡು, ಈಗ ಒಂದೂಕಾಲು. ಎಲ್ಲೂ ಒಂದು ಮೆಟ್ಟಿಲಿಲ್ಲ, ಉದ್ದಕ್ಕೂ ಇಳಿಜಾರು. ಇವತ್ತಿನ ಹೊಟ್ಟೆಯನ್ನು ಇಪ್ಪತ್ತೊಂದು ದಿನದ ಹಿಂದಿನ ಹೊಟ್ಟೆಗೆ ಹೋಲಿಸಿದರೆ ವ್ಯತ್ಯಾಸವೇ ಕಾಣದು. ಯಂತ್ರ ಪ್ರತಿದಿನವೂ ನಿನ್ನೆಯ ಅರೆಹೊಟ್ಟೆಯನ್ನೇ ತುಂಬುಹೊಟ್ಟೆ ಎಂದು ಕಲಿಯುತ್ತ ಬಂದಿತ್ತು.

“ಹೀಗೇ ಹೋದರೆ, ಸರ್?” ಎಂದಳು ಷಮೀಮ.

“ಹಸಿರು ಚುಕ್ಕೆಗಳಾಗಿಯೇ ಸಾಯುತ್ತವೆ.”

ನಿರ್ದೇಶಕರು ಎಲ್ಲ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ, ಆದರೆ ಕುರ್ಚಿಯಲ್ಲಿ ಕೂತವರು. ಲೆಕ್ಕಾಚಾರದ ಸೂತ್ರ ಬದಲಿಸಲು ಸರ್ಕಾರದ ಆದೇಶ ಬೇಕು, ಅದಕ್ಕೊಂದು ಸಮಿತಿ, ಸಮಿತಿಗೆ ಮೂರು ತಿಂಗಳು. “ಲಾರಿಯನ್ನು ನಾವು ಕಳಿಸೋಕೆ ಆಗಲ್ಲ ಅನ್ನೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?” ಎಂದರು. ಅದು ಚುಚ್ಚುಮಾತಾಗಿರಲಿಲ್ಲ, ನಿಜವಾಗಿತ್ತು. ಹಾಗಾಗಿ ಇನ್ನೂ ಜೋರಾಗಿ ಚುಚ್ಚಿತು.

ಹೊರಗೆ ಬಂದಾಗ ಷಮೀಮ ಮೆಲ್ಲಗೆ ಒಂದು ದಾರಿ ಹೇಳಿದಳು. ನೀರಾವರಿಯ ಊರುಗಳಲ್ಲಿ ಕೆಲವರು ಯಂತ್ರದ ಮರ್ಮ ಅರಿತುಕೊಂಡಿದ್ದರು. ಚೆನ್ನಾಗಿ ಮೇಯಿಸಿದ ದನಗಳನ್ನು ಇದ್ದಕ್ಕಿದ್ದಂತೆ ಮೂರು ದಿನ ಉಪವಾಸ ಕೆಡವುವುದು, ಕೆಂಪಾಗುತ್ತಲೇ ಲಾರಿ ಬರುವುದು. “ಪಾಲಯ್ಯನೋರಿಗೂ ಅದನ್ನೇ ಹೇಳಬಹುದಲ್ವಾ ಸರ್? ಇವರಂತೂ ನಿಜವಾಗಿ ಹಸಿದೋರು” ಎಂದಳು. ರುದ್ರಮುನಿ ಆ ಮಾತನ್ನು ಒಲ್ಲದ ಮನಸ್ಸಿನಿಂದಲೇ ಹೊತ್ತುಕೊಂಡು ಮತ್ತೆ ಹಟ್ಟಿಗೆ ಹೋದರು.

ಪಾಲಯ್ಯ ಬಣವೆಯ ಹತ್ತಿರ ರಾಗಿಹುಲ್ಲನ್ನು ಹಿಡಿಹಿಡಿಯಾಗಿ ಬಿಡಿಸುತ್ತಿದ್ದ. ರುದ್ರಮುನಿ ಹೇಳಿದ್ದನ್ನು ಪೂರ್ತಿ ಕೇಳಿ, ಹುಲ್ಲನ್ನು ಕೆಳಗಿಟ್ಟು ಎದ್ದು ನಿಂತ.

“ಬಣವೇಲಿ ಮೇವು ಇಟ್ಕಂಡು ದನ ಉಪಾಸ ಕೆಡವಾದಾ? ಅದಾಗದ ಮಾತು ಸ್ವಾಮಿ. ಇಲ್ಲ ಅಂತ ಕಮ್ಮಿ ಹಾಕದು ಬೇರೆ, ಇದ್ದೂ ಹಾಕದೆ ಇರಾದು ಬೇರೆ. ಈ ಕೈಯಾಗೆ ಅದಾಗಲ್ಲ.”

“ಹಾಗಾದರೆ ಯಂತ್ರಕ್ಕೆ ಇವುಗಳ ಹಸಿವು ಗೊತ್ತಾಗೋದೇ ಇಲ್ಲ, ಪಾಲಯ್ಯನವರೇ.”

“ಹೆಂಗೆ ಗೊತ್ತಾದಾತು? ಅದು ಹೊಟ್ಟೆ ಸೇರಿದ್ದೇ ನಾನು ಕೈ ಬಿಗಿ ಮಾಡಿದ ಮ್ಯಾಲೆ. ಆವಾಗಿಂದ ಒಂದು ದಿನನಾದ್ರೂ ತುಂಬಿದ ಹೊಟ್ಟೆ ಕಂಡೈತಾ? ತುಂಬಿದ್ದು ಕಾಣದೋರಿಗೆ ಖಾಲಿ ಅಂದ್ರೆ ಏನು ಅಂತ ಯಾರು ಹೇಳ್ತಾರೆ?” ಎಂದು ಪಾಲಯ್ಯ ಸಿಟ್ಟಿನಲ್ಲೇ ಕೇಳಿದ.

ಆ ಮಾತಿನಲ್ಲೇ ರುದ್ರಮುನಿಯವರಿಗೆ ದಾರಿ ಕಂಡಿತು. ಉಪವಾಸ ಕೆಡವಬೇಕಾಗಿಲ್ಲ. ಹೊಟ್ಟೆ ತುಂಬಿಸಬೇಕು! ಐದು ದಿನ ತುಂಬಾ ತಿನ್ನಿಸಿದರೆ ಗುಂಡು ಅದನ್ನೇ ಅಳತೆಗೋಲು ಮಾಡಿಕೊಳ್ಳುತ್ತದೆ. ಆಮೇಲೆ ಪಾಲಯ್ಯ ತನ್ನ ಇವತ್ತಿನ ಅಳತೆಗೆ ಮರಳಿದರೆ ಸಾಕು, ಅದೇ ಕೆಂಪಾಗಿ ಕಾಣುತ್ತದೆ. ಇದನ್ನು ಅವರು ಬಿಡಿಸಿ ಹೇಳಿದರು. ಹೇಳಿ, ಮುಚ್ಚಿಡಬಾರದೆಂದು ಇನ್ನೊಂದು ಮಾತನ್ನೂ ಹೇಳಿದರು: “ಇದು ಆಗೇ ಆಗುತ್ತೆ ಅಂತ ನಾನು ಆಣೆ ಮಾಡಿ ಹೇಳಲಾರೆ. ಆಗದಿದ್ದರೆ ಆ ಐದು ದಿನದ ಮೇವು ಹೋದಂತೆಯೇ.”

ಪಾಲಯ್ಯ ಬಣವೆಯ ಸುತ್ತ ಒಂದು ಸುತ್ತು ಬಂದ. ಈಗಿನ ಅಳತೆಯಲ್ಲಿ ಅದು ಮೂವತ್ತೆಂಟು ದಿನಕ್ಕೆ ಆಗುತ್ತಿತ್ತು. ಮಳೆಗೆ ಇನ್ನೂ ಮೂರು ತಿಂಗಳು. ಐದು ದಿನ ಹೊಟ್ಟೆ ತುಂಬ ಹಾಕಿದರೆ ಹನ್ನೊಂದು ದಿನದ ಮೇವು ಕರಗುತ್ತದೆ. ಅವನ ಕೈ ಬಣವೆಯ ಮೇಲೆ ಸುಮಾರು ಹೊತ್ತು ಇತ್ತು. ಆರು ತಿಂಗಳಿಂದ ಹಿಡಿ ಹಿಡಿ ಉಳಿಸಿದ ಕೈ ಅದು.

“ಉಳಿಸೋದು ಗೊತ್ತು ಸ್ವಾಮಿ ನಂಗೆ” ಎಂದ ಕೊನೆಗೆ. “ಖರ್ಚು ಮಾಡಾಕೆ ಎದೆ ನಡುಗ್ತೈತೆ. ಆದ್ರೆ ತಿನ್ಸಿ ಅಂತ ಹೇಳ್ತಿದೀರಿ, ತಿನ್ಸಬ್ಯಾಡಿ ಅಂತ ಅಲ್ಲ. ದೇವರ ದನಕ್ಕೆ ತಿನ್ಸಿದ್ದು ಯಾವತ್ತಾದ್ರೂ ದಂಡ ಆಗತೈತಾ? ಆಗ್ಲಿ.”

ಒಮ್ಮೆಲೇ ಹಾಕಿದರೆ ಒಣಗಿದ ಹೊಟ್ಟೆ ತಡೆಯದು. ರುದ್ರಮುನಿ ದಿನಕ್ಕೆ ಇಷ್ಟೆಂದು ಏರಿಸುತ್ತ ಹೋಗುವುದನ್ನು ಹೇಳಿಕೊಟ್ಟು, ಐದೂ ದಿನ ತಾವೇ ಹೋಗಿ ನೋಡಿ ಬಂದರು. ಮೂರನೆಯ ದಿನ ಮುದಿ ಹಸುವೊಂದು ತಿಂದು ಮುಗಿಸಿ ಮಲಗಿ ಕಣ್ಣು ಅರೆಮುಚ್ಚಿ ಮೆಲುಕು ಹಾಕತೊಡಗಿತು. “ದಸರಾ ಆದಮ್ಯಾಲೆ ಇದು ಮಲಗಿ ಮೆಲುಕು ಹಾಕಿದ್ದು ಇವತ್ತೇ” ಎಂದ ಪಾಲಯ್ಯ, ಮುಖ ಬೇರೆ ಕಡೆ ತಿರುಗಿಸಿಕೊಂಡು. ಐದನೆಯ ದಿನ ಕರುಗಳು ರೊಪ್ಪದ ತುಂಬ ಬಾಲ ಎತ್ತಿ ಓಡಿದವು. ಹಟ್ಟಿಯ ಹೆಂಗಸರು ಬೇಲಿಯ ಹತ್ತಿರ ನಿಂತು ಅದನ್ನು ನೋಡಿದರು. ಇತ್ತ ಕೇಂದ್ರದಲ್ಲಿ ಷಮೀಮ, “ಎರಡು ಮುಕ್ಕಾಲು ಸರ್, ಎರಡು ಮುಕ್ಕಾಲು!” ಎಂದು ಫೋನಿನಲ್ಲಿ ಕೂಗಿದಳು.

ಆರನೆಯ ದಿನ ಪಾಲಯ್ಯ ಹಳೆಯ ಅಳತೆಗೆ ಮರಳಿದ.

ದನಗಳು ತಮ್ಮ ಪಾಲನ್ನು ತಿಂದು ಮುಗಿಸಿ ತಲೆಯೆತ್ತಿ ನಿಂತವು. ಇನ್ನೂ ಬರುತ್ತದೆಂದು ಕಾದವು. ಬರಲಿಲ್ಲ. ಮೊದಲು ಒಂದು ಕರು ಕೂಗಿತು, ಆಮೇಲೆ ಅದರ ತಾಯಿ, ಆಮೇಲೆ ಇಡೀ ರೊಪ್ಪ. ವಾರದ ಹಿಂದೆ ಇಷ್ಟೇ ಮೇವು ತಿಂದು ಶಾಂತವಾಗಿ ನಿಂತಿದ್ದ ದನಗಳೇ ಅವು. ಬೇಲಿಗೆ ಎದೆ ಒತ್ತಿ, ಬಣವೆಯ ಕಡೆ ಕತ್ತು ಚಾಚಿ, ಸಂಜೆಯವರೆಗೂ ಕೂಗಿದವು. ಮರುದಿನವೂ ಕೂಗಿದವು. ರುದ್ರಮುನಿ ಹಟ್ಟಿಯಲ್ಲೇ ಉಳಿದಿದ್ದರು. ಆ ದನಿ ಕೇಳುತ್ತ ಕೂರುವುದು ಅವರಿಗೆ ಕಷ್ಟವಾಯಿತು. ಪಾಲಯ್ಯ ಎರಡು ದಿನ ಅನ್ನದ ತಟ್ಟೆ ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಷಮೀಮಳ ಫೋನು ಬಂತು. ಅವಳ ದನಿಯಲ್ಲಿ ಸಂತೋಷವಿರಲಿಲ್ಲ.

“ಅರವತ್ಮೂರೂ ಕೆಂಪು ಸರ್. ಆದರೆ ಲಾರಿ ಹೊರಟಿಲ್ಲ. ಅನುಮಾನದ ಸೂಚನೆ ಬಂದಿದೆ.”

ನೀರಾವರಿ ಊರುಗಳ ಆಟ ತಡೆಯಲು ಹಿಂದಿನ ವರ್ಷ ಒಂದು ಕೀಲು ಸೇರಿಸಿದ್ದರು. ಅದು ಇಲ್ಲೂ ಅಡ್ಡ ಬರುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಹೊಟ್ಟೆಯ ಅಂಕಿ ಇದ್ದಕ್ಕಿದ್ದಂತೆ ಏರಿ ಇಳಿದರೆ ಯಂತ್ರ ಲಾರಿಯನ್ನು ತಡೆದು, ಮುಖ್ಯ ವಿಜ್ಞಾನಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತದೆ: ಈ ಹಸಿವು ನಿಜವೋ, ಕೃತಕವೋ? ಕೃತಕವೆಂದರೆ ಆ ಮಂದೆಗೆ ಆ ವರ್ಷ ಪೂರ್ತಿ ಮೇವಿಲ್ಲ. ನಿಜವೆಂದರೆ ಲಾರಿ ಹೊರಡುತ್ತದೆ, ಮಳೆಯವರೆಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಲೇ ಇರುತ್ತದೆ. ಸುಳ್ಳೆಂದು ರುಜುವಾದರೆ ಉತ್ತರ ಕೊಟ್ಟವನ ನೌಕರಿ ಹೋಗುತ್ತದೆ. ಮುಖ್ಯ ವಿಜ್ಞಾನಿ ರುದ್ರಮುನಿಯವರೇ ಆಗಿದ್ದರು. ಈ ಏರಿಳಿತವನ್ನು ಮಾಡಿಸಿದವರೂ ಅವರೇ.

ಒಂದೂವರೆ ಗಂಟೆಯಲ್ಲಿ ಅವರು ಕೇಂದ್ರದಲ್ಲಿದ್ದರು. ನಿರ್ದೇಶಕರು ಆಗಲೇ ಪರದೆಯ ಮುಂದೆ ನಿಂತಿದ್ದರು.

“ನೋಡಿ, ನೀವು ಅಲ್ಲಿಗೆ ಐದು ದಿನ ಹೋಗಿದ್ದು ಜೀಪಿನ ದಾಖಲೆಯಲ್ಲಿದೆ. ನಾಳೆ ಯಾರಾದರೂ ಕೇಳಿದರೆ? ಈ ಪ್ರಶ್ನೆಗೆ ಉತ್ತರಿಸಲೇಬೇಡಿ. ಸುಮ್ಮನೆ ಬಿಟ್ಟರೆ ಹದಿನೈದು ದಿನದಲ್ಲಿ ತಾನಾಗಿ ಮುಗಿದುಹೋಗುತ್ತೆ” ಎಂದರು. ಅವರ ಕಾಳಜಿ ನಿಜವಾದದ್ದೇ.

“ಅದರ ಹಿಂದೆಯೇ ಬಣವೆ ಮುಗಿಯುತ್ತೆ, ದನಗಳೂ ಮುಗಿಯುತ್ತವೆ ಸರ್.”

“ಆದರೆ ನೀವೇ ಮಾಡಿಸಿದ್ದು ತಾನೆ? ಕೃತಕ ಅಲ್ಲ ಅಂತ ಹೇಗೆ ಬರೀತೀರಿ?”

ರುದ್ರಮುನಿ ಕೂತರು. ಮೂವತ್ತು ವರ್ಷದಲ್ಲಿ ಅವರು ಒಂದೂ ಸುಳ್ಳು ವರದಿ ಬರೆದಿರಲಿಲ್ಲ, ಈಗಲೂ ಬರೆಯಬೇಕಾಗಿರಲಿಲ್ಲ. ‘ನಿಜ’ ಎಂಬುದರ ಮೇಲೆ ಹೆಬ್ಬೆರಳು ಒತ್ತಿದರು. ಕೆಳಗೆ ಕಾರಣ ಬರೆಯುವ ಜಾಗವಿತ್ತು. ಅಲ್ಲಿ ನಡೆದದ್ದನ್ನೆಲ್ಲ ತಮ್ಮ ಹೆಸರಿನ ಸಮೇತ ಬರೆದು, ಕೊನೆಗೆ ಎರಡು ವಾಕ್ಯ ಸೇರಿಸಿದರು: ‘ಈ ಹಸಿವು ಆರು ತಿಂಗಳಿನದು. ಇಲ್ಲಿ ಕೃತಕವಾಗಿದ್ದದ್ದು ಹೊಟ್ಟೆ ತುಂಬಿದ ಐದು ದಿನಗಳು ಮಾತ್ರ.’

ನಿರ್ದೇಶಕರು ಅದನ್ನು ಎರಡು ಸಲ ಓದಿ, ತಮ್ಮ ಕೋಣೆಗೆ ಹೋದರು. ಪರದೆಯ ಮೂಲೆಯಲ್ಲಿ ಲಾರಿಯ ಗುರುತೊಂದು ಚಲಿಸತೊಡಗಿತು. ಷಮೀಮ ಕರ್ಚೀಫಿನಿಂದ ಕನ್ನಡಕ ಒರೆಸಿಕೊಂಡಳು.

ರುದ್ರಮುನಿ ಹಟ್ಟಿ ತಲುಪಿದಾಗ ಲಾರಿ ಆಗಲೇ ಬಂದು ನಿಂತಿತ್ತು. ಹಟ್ಟಿಯವರೆಲ್ಲ ಸೇರಿ ಜೋಳದ ಸಪ್ಪೆಯ ಪೆಂಡಿಗಳನ್ನು ಇಳಿಸುತ್ತಿದ್ದರು. ಕೂಗು ನಿಂತಿತ್ತು. ರೊಪ್ಪದ ತುಂಬ ಸಪ್ಪೆ ಅಗಿಯುವ ಸದ್ದು. ಇನ್ನು ಹದಿನೈದು ದಿನಕ್ಕೊಮ್ಮೆ ಲಾರಿ ಬರುತ್ತದೆ, ಮಳೆಯವರೆಗೆ ದನಗಳು ಬದುಕುತ್ತವೆ ಎಂದು ಅವರು ಹೇಳಿದಾಗ ಪಾಲಯ್ಯ ಕೈಮುಗಿದ. ಆದರೆ ಮುಖದಲ್ಲಿ ನಗುವಿರಲಿಲ್ಲ. ಇಬ್ಬರೂ ಬೇಲಿಯ ಹತ್ತಿರ ನೆಲದ ಮೇಲೆ ಕೂತರು.

“ನಲವತ್ತು ವರ್ಷ ದನ ಕಾದೀನಿ ಸ್ವಾಮಿ. ಎಂಥೆಂಥಾ ಬರ ಕಂಡೀನಿ. ನನ್ನ ದನ ಒಂದು ದಿನ ಕೂಗಿದ್ದಿಲ್ಲ. ಕಿಲಾರಿ ಕೆಲಸ ಅಂದ್ರೆ ಅದೇಯ. ಹಸಿವು ಐತೆ ಅಂತ ಅವಕ್ಕೆ ಗೊತ್ತಾಗದಂಗೆ ನೋಡ್ಕಣಾದು.” ಪಾಲಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. “ಈ ಮೂರು ದಿನ ಕೂಗಿದ್ವು. ಅದು ನಿಮ್ಮ ಲಾರಿಗೆ ಕೇಳಿಸ್ತು, ಬಂತು, ಒಳ್ಳೇದಾತು. ಆದ್ರೆ ಅವು ಕೂಗಿದ್ದು ಲಾರಿ ಕಡೆ ನೋಡ್ಕಂಡಲ್ಲ ಸ್ವಾಮಿ. ನನ್ನ ಮಕ ನೋಡ್ಕಂಡು ಕೂಗಿದ್ವು.”

ರುದ್ರಮುನಿಯವರಿಗೆ ಸಮಾಧಾನದ ಮಾತು ನಾಲಿಗೆಯವರೆಗೆ ಬಂದಿತ್ತು. ಅದನ್ನು ಆಡಲು ನಾಚಿಕೆಯಾಗಿ ನುಂಗಿಕೊಂಡರು.

“ಉಳಿದ ಹತ್ತು ಹಟ್ಟಿಯೋರು ಹೇಳಿಕಳ್ಸವ್ರೆ” ಎಂದ ಪಾಲಯ್ಯ. “ಇಲ್ಲಿಗೆ ಲಾರಿ ಹೆಂಗೆ ಬಂತು ಅಂತ ಕೇಳ್ತಾವ್ರೆ. ನಾನು ಏನಂತ ಹೇಳ್ಲಿ?”

ಸಮಿತಿ ಮುಗಿಯಲು ಇನ್ನೂ ಸುಮಾರು ಮೂರು ತಿಂಗಳಿತ್ತು. ರುದ್ರಮುನಿ ನೆಲ ನೋಡುತ್ತ, “ಐದು ದಿನ ಹೊಟ್ಟೆ ತುಂಬ ಹಾಕಿ ಅಂತ ಹೇಳಿ. ಯಾವ ದಿನ ಎಷ್ಟು ಅಂತ ನಾನು ಬಂದು ಹೇಳ್ತೀನಿ” ಎಂದರು.

“ಆಮ್ಯಾಲೆ ಕೂಗ್ತಾವೆ ಅನ್ನಾದು?”

“ಅದನ್ನೂ ಹೇಳಿ.”

ಪಾಲಯ್ಯ ಎದ್ದು, ಟವೆಲನ್ನು ಹೆಗಲಿಗೆ ಹಾಕಿಕೊಂಡು, ರೊಪ್ಪದ ಕಡೆ ಒಮ್ಮೆ ನೋಡಿ, ಪಕ್ಕದ ಹಟ್ಟಿಯ ದಾರಿ ಹಿಡಿದ.